ನನ್ನ ಲೇಖನದ 31 ಸೆಮಿಕೋಲನ್‌ಗೂ ಕೆಂಪು ಗೀಟು: ಅರ್ಧವಿರಾಮ ಹಾಕುವುದು ಎಲ್ಲಿ?

ಡೊಂಬಿವಲಿ ಸೊಸೆ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಹೊಟ್ಟೆ ಉರಿದುಕೊಂಡೇ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಗೆ ಎರಡೂವರೆ ಪುಟದ ಲೇಖನ ಕೊಟ್ಟಿದ್ದೆ. ನಮ್ಮ ಅತ್ತೆ ಚಾಳಿನಲ್ಲಿ, ಅಂದರೆ ಮುಂಬಯಿಯ ವಠಾರದಲ್ಲಿ, ಕಳೆದ ದಿನಗಳ ಬಗ್ಗೆ. ಕರಡು ತಿದ್ದುವ ಹಿರಿಯರು ಮೊನ್ನೆ ವಾಪಸ್ ಕಳಿಸಿದರು. ಕಾಗುಣಿತದ ತಪ್ಪು ಎರಡೇ ಎರಡು. ಆದರೆ ಸೆಮಿಕೋಲನ್ (;), ಅಂದರೆ ಅರ್ಧವಿರಾಮ, ಕಂಡಲ್ಲೆಲ್ಲ ಕೆಂಪು ಗೀಟು. ಕೂತು ಎಣಿಸಿದೆ, 31. ಕೊನೆಯಲ್ಲಿ ಒಂದು ಸಾಲು ಬೇರೆ ಬರೆದಿದ್ದಾರೆ: "ಅರ್ಧವಿರಾಮವನ್ನು ಒಗ್ಗರಣೆ ಸಾಸಿವೆಯ ಹಾಗೆ ಸಿಡಿಸಿದ್ದೀರಿ."

ಸರಿ, ನನಗೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳೋಣ. ಮಗಳು ಒಂಬತ್ತನೇ ಕ್ಲಾಸು, ಅವಳನ್ನು ಕೇಳಿದೆ. ಅವಳದ್ದು ಇನ್ನೊಂದು ಗೋಳು. ಮರಾಠಿ ಪೀರಿಯಡ್‌ನಲ್ಲಿ "ಪಣ" (ಅಂದರೆ "ಆದರೆ") ಬಂದರೆ ಅದರ ಹಿಂದೆ ಅರ್ಧವಿರಾಮ ಹಾಕಲೇಬೇಕು, ಹಾಕದಿದ್ದರೆ ಅರ್ಧ ಮಾರ್ಕ್ ಹೋಯಿತು. ಅದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು "ಬಟ್" ಹಿಂದೆ ಸೆಮಿಕೋಲನ್ ಹಾಕಿದರೆ ಆ ಟೀಚರ್ ಹೊಡೆದು ಹಾಕುತ್ತಾರೆ. ಒಂದೇ ಶಾಲೆ, ಒಂದೇ ಬೆಂಚು!

ಹಾಗಾದರೆ ಕನ್ನಡದಲ್ಲಿ ಹೇಗೆ? ಯಾರಾದರೂ ಸರಿಯಾಗಿ ಹೇಳಿಕೊಡಿ. ದಯವಿಟ್ಟು "ಉಸಿರು ತೆಗೆದುಕೊಳ್ಳುವಲ್ಲಿ ಹಾಕಿ" ಅಂತ ಮಾತ್ರ ಹೇಳಬೇಡಿ. ನಾನು ಮೂರನೇ ಮಹಡಿ, ಲಿಫ್ಟ್ ಇಲ್ಲ. ನನ್ನ ಉಸಿರನ್ನು ನಂಬುವ ಹಾಗಿಲ್ಲ.

ಚೆಂಬೂರ್ ಚುರುಮುರಿ

31 ಸಾಸಿವೆ ಅಂದರೆ ಒಗ್ಗರಣೆಗೆ ಕಡಿಮೆಯೇ ಆಯಿತಲ್ವಾ.

ನನ್ನ ಕಡೆಯಿಂದ ಒಂದು ಸಲಹೆ. ಗೊತ್ತಿಲ್ಲದಿದ್ದರೆ ಹಾಕಬೇಡಿ. ನಲವತ್ತು ವರ್ಷದಿಂದ ಕನ್ನಡ ಬರೆಯುತ್ತಿದ್ದೇನೆ, ಕಾಮಾ ಮತ್ತು ಫುಲ್‌ಸ್ಟಾಪ್‌ನಲ್ಲೇ ಸಂಸಾರ ಸಾಗಿದೆ.

ಹಿಂಜವಡಿ ಹೈದ

ಪುಣೆಯಿಂದ. ನಾನು ದಿನಕ್ಕೆ ಏನಿಲ್ಲ ಅಂದರೂ ಇನ್ನೂರು ಸೆಮಿಕೋಲನ್ ಒತ್ತುತ್ತೇನೆ, ಜಾವಾದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವನು. ಒಂದು ಬಿಟ್ಟರೆ ಆ ಪ್ರೋಗ್ರಾಂ ಓದುವ ಕಂಪೈಲರ್ ಬಾಯಿ ಬಡಿದುಕೊಳ್ಳುತ್ತದೆ. ಹಾಗಾಗಿ ನಮ್ಮ ಪ್ರಕಾರ ಸಾಲು ಮುಗಿದಲ್ಲೆಲ್ಲ ಹಾಕಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ :)

ಇದಕ್ಕೇ ಸಂಬಂಧಪಟ್ಟ ಒಂದು ಕೀಟಲೆ ಇದೆ. ಗ್ರೀಕ್ ಭಾಷೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ನಮ್ಮ ಸೆಮಿಕೋಲನ್ ಥರವೇ ಕಾಣುತ್ತದೆ. ಯೂನಿಕೋಡ್‌ನಲ್ಲಿ ಅದಕ್ಕೆ ಬೇರೆಯೇ ಸ್ಥಾನವಿದೆ. ಟೀಮಿನಲ್ಲಿ ಯಾರೋ ಚಹಾಕ್ಕೆ ಎದ್ದು ಹೋದಾಗ ಅವರ ಕೋಡ್‌ನ ಒಂದು ಸೆಮಿಕೋಲನ್ ತೆಗೆದು ಗ್ರೀಕಿನದು ಕೂರಿಸಿದರೆ ಮುಗಿಯಿತು. ಕಣ್ಣಿಗೆ ಎಲ್ಲ ಸರಿ, ಕಂಪೈಲರ್ ಮಾತ್ರ ಒಪ್ಪುವುದಿಲ್ಲ. ನನ್ನ ಮೇಲೆ ಇದು ಆಗಿದೆ, ಒಂದೂವರೆ ಗಂಟೆ ಹೋಯಿತು.

ಮಾಟುಂಗದ ಫಿಲ್ಟರ್ ಕಾಫಿ

ಹೈದ, ನಿಮ್ಮ ಮಾತನ್ನು ನಂಬಿ ಪಾಪ ಅವರು 32ನೆಯದನ್ನೂ ಹಾಕಿಬಿಟ್ಟಾರು. ಜಾವಾದಲ್ಲಿ ಅದು ಅರ್ಧವಿರಾಮ ಅಲ್ಲ, ಪೂರ್ಣವಿರಾಮ. ವೇಷ ಮಾತ್ರ ಅರ್ಧದ್ದು.

ನಾನು ಕಾಲೇಜಿನಲ್ಲಿ ಪಾಸ್ಕಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತವಳು, ನಿಮಗೆಲ್ಲ ಅದು ಅಜ್ಜಿ ಕಾಲದ್ದು. ಅಲ್ಲಿ ಸೆಮಿಕೋಲನ್ ವಾಕ್ಯ ಮುಗಿಸುವುದಿಲ್ಲ, ಎರಡು ವಾಕ್ಯಗಳ ನಡುವೆ ನಿಲ್ಲುತ್ತದೆ. ಕೊನೆಯ ವಾಕ್ಯದ ಮುಂದೆ "ಎಂಡ್" ಇದ್ದರೆ ಅದು ಬೇಕಾಗಿಯೇ ಇಲ್ಲ. "ಎಲ್ಸ್" ಹಿಂದೆ ಹಾಕಿದರೆ ತಪ್ಪು. ಬರೆಯುವ ಭಾಷೆಯ ಅರ್ಧವಿರಾಮ ಈ ಪಾಸ್ಕಲ್ ಜಾತಿಯದು. ಆ ಕಡೆ ಒಂದು, ಈ ಕಡೆ ಒಂದು ವಾಕ್ಯ ಇದ್ದರೆ ಮಾತ್ರ ಅದಕ್ಕೆ ನಡುವೆ ಕೆಲಸ.

ಅಂದ ಹಾಗೆ, ಡೊಂಬಿವಲಿಯವರೇ, ಕೆಂಪು ಗೀಟು ಬಿದ್ದ ಒಂದು ಪ್ಯಾರಾ ಇಲ್ಲಿ ಹಾಕುತ್ತೀರಾ? ರೋಗಿಯನ್ನು ನೋಡದೆ ಮದ್ದು ಹೇಗೆ ಹೇಳೋದು?

ಪುಣೆ ಪೇಡೆ

ಧಾರವಾಡದವ, ಪುಣೆಯಲ್ಲಿ ಇಪ್ಪತ್ತೆರಡು ವರ್ಷ ಆಯಿತು. ಅಲ್ರೀ, ಕನ್ನಡಕ್ಕೆ ಇದು ಬೇಕೇ ಬೇಕಾ? ಓಲೆಗರಿ ಕಾಲದಲ್ಲಿ ಪದ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಪದ್ಯ ಮುಗಿದಲ್ಲಿ ಒಂದು ಗೀಟು, ಎರಡು ಗೀಟು, ಅಷ್ಟೇ. ಅದರಲ್ಲೇ ಪಂಪ, ರನ್ನ ಎಲ್ಲ ಆಗಿಹೋದರು. ಈ ಕೊಂಡಿ, ಚುಕ್ಕಿ ಎಲ್ಲ ಅಚ್ಚಿನ ಮೊಳೆಯ ಜೊತೆ ಹಡಗಿನಲ್ಲಿ ಬಂದ ಸಾಮಾನು.

ವಾಸ್ಕೊ ಲೆಕ್ಕಿಗ

ಹಡಗಿನ ಮಾತು ಬಂತು, ಅದಕ್ಕೇ ಗೋವಾದಿಂದ ಒಂದು ಮಾತು. ಭಾರತಕ್ಕೆ ಮೊದಲ ಅಚ್ಚಿನ ಯಂತ್ರ ಬಂದಿಳಿದದ್ದು ಇಲ್ಲೇ, 1556ರಲ್ಲಿ. ಹಳೇ ಗೋವಾದ ಸೇಂಟ್ ಪಾಲ್ ಕಾಲೇಜಿನಲ್ಲಿ ಕೂರಿಸಿದರು. ಸೆಮಿಕೋಲನ್‌ಗೆ ಆಗ ಇನ್ನೂ ನೂರು ವರ್ಷವೂ ಆಗಿರಲಿಲ್ಲ. ವೆನಿಸ್ ನಗರದಲ್ಲಿ ಆಲ್ಡಸ್ ಮನುಟಿಯಸ್ ಅನ್ನುವ ಮುದ್ರಕ 1490ರ ದಶಕದಲ್ಲಿ ಅದನ್ನು ಮೊಳೆ ಕೊರೆಸಿ ಬಳಕೆಗೆ ತಂದದ್ದು. ಚುಕ್ಕಿಗಿಂತ ಕಡಿಮೆ, ಕಾಮಾಕ್ಕಿಂತ ಜಾಸ್ತಿ ನಿಲ್ಲುವ ಒಂದು ಗುರುತು ಬೇಕಾಗಿತ್ತು, ಎರಡನ್ನೂ ಒಂದರ ಮೇಲೊಂದು ಇಟ್ಟ. ಪೋರ್ಚುಗೀಸಿನಲ್ಲಿ ಅದರ ಹೆಸರೇ ಪೊಂತು ಇ ವಿರ್ಗುಲ. ಚುಕ್ಕಿ ಮತ್ತು ಕಾಮಾ ಅಂತ. ನಮ್ಮ ಓಣಿಯ ಹಳೆಯ ಜನ ಈಗಲೂ ಹಾಗೇ ಅನ್ನುತ್ತಾರೆ.

ನನ್ನ ಸೆಮಿಕೋಲನ್ ಕಷ್ಟ ಬೇರೆ ಥರದ್ದು. ನಾನು ಕೆಲಸ ಮಾಡುವ ಕಡೆ ಯುರೋಪಿನಿಂದ ಲೆಕ್ಕದ ಫೈಲ್ ಬರುತ್ತದೆ. ಅಲ್ಲಿ ಎಷ್ಟೋ ದೇಶಗಳಲ್ಲಿ ದಶಾಂಶಕ್ಕೆ ಚುಕ್ಕಿ ಬದಲು ಕಾಮಾ ಹಾಕುತ್ತಾರೆ. ಎರಡೂವರೆ ಅಂದರೆ 2,5. ಹಾಗಾಗಿ ಕಾಲಂ ಬೇರೆ ಮಾಡುವುದಕ್ಕೆ ಕಾಮಾ ಉಳಿಯುವುದಿಲ್ಲ, ಸೆಮಿಕೋಲನ್ ಹಾಕುತ್ತಾರೆ. ನಮ್ಮ ಕಂಪ್ಯೂಟರಿಗೆ ಇದು ಗೊತ್ತಿಲ್ಲ. ತೆರೆದರೆ ಎಲ್ಲ ಲೆಕ್ಕ ಒಂದೇ ಕಾಲಮ್ಮಿನಲ್ಲಿ ಲೋಕಲ್ ಟ್ರೇನಿನ ಬಾಗಿಲಲ್ಲಿ ಜನ ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಂಡಿರುತ್ತದೆ.

ಡೊಂಬಿವಲಿ ಸೊಸೆ

ಕಾಫಿಯವರೇ, ತಗೊಳ್ಳಿ ರೋಗಿ. ನಗಬೇಡಿ.

"ನಮ್ಮ ಅತ್ತೆ ಪರೇಲಿನ ಚಾಳಿನಲ್ಲಿ ಮೂವತ್ತು ವರ್ಷ ಇದ್ದರು; ನಲ್ಲಿಯಲ್ಲಿ ನೀರು ನಸುಕಿನ ನಾಲ್ಕಕ್ಕೆ ಬರುತ್ತಿದ್ದುದರಿಂದ; ಅವರು ಮೂರೂವರೆಗೇ ಎದ್ದು; ಕೊಡಗಳನ್ನು ಸಾಲಾಗಿ ಇಟ್ಟು; ಪಕ್ಕದ ಮನೆಯಾಕೆಯನ್ನು ಎಬ್ಬಿಸುತ್ತಿದ್ದರು; ಆಕೆ ಏಳುತ್ತಿರಲಿಲ್ಲ; ಅತ್ತೆ ಆಕೆಯ ಕೊಡವನ್ನೂ ತುಂಬಿಸಿಡುತ್ತಿದ್ದರು; ಚಾಳಿನ ಸ್ನೇಹವೆಂದರೆ; ಅದು."

ಈ ಒಂದೇ ಪ್ಯಾರಾದಲ್ಲಿ ಏಳು. ಇಲ್ಲ, ಎಂಟು.

ಚೆಂಬೂರ್ ಚುರುಮುರಿ

"ಚಾಳಿನ ಸ್ನೇಹವೆಂದರೆ; ಅದು." ಇದು ಮಾತ್ರ ಸಿನಿಮಾ ಟ್ರೇಲರ್ ಥರ ಇದೆ. ಗೀಟು ಹಾಕಿದವರನ್ನು ಬೈಯುವ ಹಾಗಿಲ್ಲ.

ವಡಾಲದ ಮೇಷ್ಟ್ರು

ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಅಮ್ಮಾ, ತಪ್ಪು ಪೂರ್ತಿ ನಿಮ್ಮದಲ್ಲ. ನಮ್ಮ ವ್ಯಾಕರಣದಲ್ಲೇ ಒಂದು ಎಡವಟ್ಟು ಇದೆ. ಅನೇಕ ಉಪವಾಕ್ಯಗಳು ಒಂದು ಪ್ರಧಾನ ವಾಕ್ಯಕ್ಕೆ ಅಧೀನವಾಗಿದ್ದರೆ, ಉಪವಾಕ್ಯ ಮುಗಿದಲ್ಲೆಲ್ಲ ಅರ್ಧವಿರಾಮ ಅಂತ ಎಲ್ಲರೂ ಉರು ಹೊಡೆದೆವು. ನಾನೂ ಹೊಡೆಸಿದ್ದೇನೆ. ಅದನ್ನು ಅಕ್ಷರಶಃ ನಂಬಿದವರು "ಬರುತ್ತಿದ್ದುದರಿಂದ" ಆದ ಮೇಲೆ ಹಾಕುತ್ತಾರೆ, "ಎದ್ದು" ಆದ ಮೇಲೆ ಹಾಕುತ್ತಾರೆ. ನೀವು ಪಾಠ ಚೆನ್ನಾಗಿ ಕೇಳಿಸಿಕೊಂಡ ವಿದ್ಯಾರ್ಥಿನಿ, ಅಷ್ಟೇ ನಿಮ್ಮ ಅಪರಾಧ. ಆದರೆ ಕನ್ನಡದ ಒಳ್ಳೆಯ ಗದ್ಯ ಯಾವುದನ್ನಾದರೂ ತೆರೆದು ನೋಡಿ, "ಎದ್ದು;" ಅಂತ ಯಾರೂ ಬರೆದಿರುವುದಿಲ್ಲ.

ಯಾಕೆ ಅಂದರೆ, ನಮ್ಮ ಭಾಷೆಯಲ್ಲಿ ಆ ಕೊಂಡಿ ಕ್ರಿಯಾಪದದ ಒಳಗೇ ಇದೆ. ಎದ್ದು, ಇಟ್ಟು, ಹೋಗಿ, ಬಂದು ಅಂದ ಕೂಡಲೇ ಕೇಳುವವನಿಗೆ ಗೊತ್ತಾಗುತ್ತದೆ, ಮಾತು ಮುಗಿದಿಲ್ಲ, ಇನ್ನೂ ಏನೋ ಇದೆ ಅಂತ. "ಬರುತ್ತಿದ್ದುದರಿಂದ" ಅಂದರೂ ಅಷ್ಟೇ, "ಬಂದರೂ" ಅಂದರೂ ಅಷ್ಟೇ. ಅಲ್ಲಿ ಅರ್ಧವಿರಾಮ ಹಾಕುವುದು ಅಂದರೆ ಓಡುತ್ತಿರುವ ಗಾಡಿಯ ಚೈನ್ ಎಳೆದ ಹಾಗೆ. ಕಾಮಾ ಸಾಕು. ಎಷ್ಟೋ ಸಲ ಅದೂ ಬೇಡ.

ಹಾಗಾದರೆ ಅರ್ಧವಿರಾಮ ಎಲ್ಲಿ? ಎರಡು ಕಡೆಯೂ ಪೂರ್ತಿ ವಾಕ್ಯ ಇರಬೇಕು. ಎರಡಕ್ಕೂ ಅದರದರ ಕ್ರಿಯಾಪದ, "ಇದ್ದರು", "ಬಂತು", "ಅಲ್ಲ" ಅನ್ನುವಂಥದ್ದು ಇರಬೇಕು. "ಅಲ್ಲ", "ಇಲ್ಲ" ಕೂಡ ಕನ್ನಡದಲ್ಲಿ ವಾಕ್ಯ ಮುಗಿಸುತ್ತವೆ, ಮರೆಯಬೇಡಿ. ಆಮೇಲೆ, ಒಂದರ ಅರ್ಥ ಇನ್ನೊಂದರ ಮೇಲೆ ಒರಗಿರಬೇಕು. ನಾನು ಮಕ್ಕಳಿಗೆ ಗಾದೆ ಹಿಡಿದು ಹೇಳಿಕೊಡುತ್ತಿದ್ದೆ. "ಊಟ ಬಲ್ಲವನಿಗೆ ರೋಗವಿಲ್ಲ; ಮಾತು ಬಲ್ಲವನಿಗೆ ಜಗಳವಿಲ್ಲ." ಎರಡೂ ಪೂರ್ತಿ ವಾಕ್ಯ. ಬೇರೆ ಬೇರೆ ಮಾಡಿದರೂ ಬದುಕುತ್ತವೆ. ಆದರೆ ಮೊದಲನೆಯದನ್ನು ಹೇಳಿ ಸುಮ್ಮನಾದರೆ ಕೇಳುವವನು ನಿಮ್ಮ ಬಾಯನ್ನೇ ನೋಡುತ್ತಾ ಕೂರುತ್ತಾನೆ. ಆ ಕಾಯುವಿಕೆ ಇದೆಯಲ್ಲ, ಅದೇ ಅರ್ಧವಿರಾಮದ ಜಾಗ.

ಈಗ ಇನ್ನೊಂದು ಗಾದೆ ನೋಡಿ. "ಕೈ ಕೆಸರಾದರೆ ಬಾಯಿ ಮೊಸರು." ಇಲ್ಲಿ "ಆದರೆ" ಆದ ಮೇಲೆ ಹಾಕಿದರೆ ಕೈಯೂ ಹೋಯಿತು, ಮೊಸರೂ ಹೋಯಿತು. "ಕೈ ಕೆಸರಾದರೆ" ಅನ್ನುವುದು ಒಂಟಿಯಾಗಿ ನಿಲ್ಲುವುದಿಲ್ಲ.

ನಿಮ್ಮ ಪ್ಯಾರಾವನ್ನು ಮುಟ್ಟಬಹುದಾ? ನಾನಾದರೆ ಹೀಗೆ ಬರೆಯುತ್ತೇನೆ:

"ನಮ್ಮ ಅತ್ತೆ ಪರೇಲಿನ ಚಾಳಿನಲ್ಲಿ ಮೂವತ್ತು ವರ್ಷ ಇದ್ದರು. ನಲ್ಲಿಯಲ್ಲಿ ನೀರು ನಸುಕಿನ ನಾಲ್ಕಕ್ಕೆ ಬರುತ್ತಿದ್ದುದರಿಂದ ಅವರು ಮೂರೂವರೆಗೇ ಎದ್ದು, ಕೊಡಗಳನ್ನು ಸಾಲಾಗಿ ಇಟ್ಟು, ಪಕ್ಕದ ಮನೆಯಾಕೆಯನ್ನು ಎಬ್ಬಿಸುತ್ತಿದ್ದರು. ಆಕೆ ಏಳುತ್ತಿರಲಿಲ್ಲ; ಅತ್ತೆ ಆಕೆಯ ಕೊಡವನ್ನೂ ತುಂಬಿಸಿಡುತ್ತಿದ್ದರು."

ಸ್ನೇಹದ ಸಾಲನ್ನು ಕೈಬಿಟ್ಟಿದ್ದೇನೆ. ಕೊಡ ತುಂಬಿಸಿಟ್ಟ ಮೇಲೆ ಅದನ್ನು ಬಾಯಿಬಿಟ್ಟು ಹೇಳುವುದು ಬೇಕಾ?

ಪುಣೆ ಪೇಡೆ

ಮೇಷ್ಟ್ರೇ, ಉಳಿದ ಒಂದನ್ನೂ ತೆಗೆಯಬಹುದಲ್ಲ? "ಆಕೆ ಏಳುತ್ತಿರಲಿಲ್ಲ. ಅತ್ತೆ ಆಕೆಯ ಕೊಡವನ್ನೂ ತುಂಬಿಸಿಡುತ್ತಿದ್ದರು." ಇದರಲ್ಲಿ ಏನು ಕಮ್ಮಿ?

ವಡಾಲದ ಮೇಷ್ಟ್ರು

ವ್ಯಾಕರಣದಲ್ಲಿ ಏನೂ ಕಮ್ಮಿ ಇಲ್ಲ. ಆದರೆ ಜೋರಾಗಿ ಓದಿ ನೋಡಿ. "ಆಕೆ ಏಳುತ್ತಿರಲಿಲ್ಲ." ಇಲ್ಲಿ ಚುಕ್ಕಿ ಇಟ್ಟರೆ ಅದು ದೂರಿನ ಹಾಗೆ ಕೇಳುತ್ತದೆ. ಎಬ್ಬಿಸಿದರೂ ಏಳದ ಸೋಮಾರಿ ಹೆಂಗಸು ಅಂತ. "ಆಕೆ ಏಳದಿದ್ದುದರಿಂದ ಅತ್ತೆ ಕೊಡ ತುಂಬಿಸಿಡುತ್ತಿದ್ದರು" ಅಂದರೆ ಪೊಲೀಸ್ ಪಂಚನಾಮೆ. "ಆಕೆ ಏಳುತ್ತಿರಲಿಲ್ಲ, ಆದರೂ ಅತ್ತೆ ತುಂಬಿಸಿಡುತ್ತಿದ್ದರು" ಅಂದರೆ ಅತ್ತೆಗೆ ಸನ್ಮಾನ ಮಾಡಿ ಶಾಲು ಹೊದಿಸಿದ ಹಾಗೆ. ಅರ್ಧವಿರಾಮ ಹಾಕಿದರೆ ಕಾರಣವನ್ನೂ ಹೇಳಲಿಲ್ಲ, ಹೊಗಳಲೂ ಇಲ್ಲ. ಆಕೆ ಏಳದಿರುವುದು, ಈಕೆ ತುಂಬಿಸುವುದು, ಎರಡೂ ದಿನಾ ನಡೆಯುವ ಮಾಮೂಲಿ. ಅಷ್ಟಕ್ಕೇ ನಿಲ್ಲುತ್ತದೆ.

ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಒಂದು ಗುರುತಿನ ಮೇಲೆ ಇಷ್ಟು ಭಾರ ಹೊರಿಸಬಾರದು ಅಂತ ನನ್ನ ಹೆಂಡತಿಯೂ ಅನ್ನುತ್ತಾಳೆ.

ಡೊಂಬಿವಲಿ ಸೊಸೆ

ಮೇಷ್ಟ್ರೇ, ಎರಡು ಸಲ ಓದಿದೆ. ನೀವು ಹೇಳಿದ್ದು ನಿಜ, ಅತ್ತೆ ಯಾವತ್ತೂ ಆಕೆಯನ್ನು ಬೈದದ್ದಿಲ್ಲ.

ಆದರೆ ಮಗಳ ಪ್ರಶ್ನೆ ಹಾಗೇ ಉಳಿಯಿತು. ಮರಾಠಿ "ಪಣ" ಹಿಂದೆ ಬೇಕು, ಇಂಗ್ಲಿಷ್ "ಬಟ್" ಹಿಂದೆ ಬೇಡ. ನಮ್ಮ "ಆದರೆ" ಹಿಂದೆ?

ಮಾಟುಂಗದ ಫಿಲ್ಟರ್ ಕಾಫಿ

ಇದು ನನ್ನ ಮನೆಯ ನಿತ್ಯದ ಜಗಳ. ಗಂಡ ಮರಾಠಿಯವರು, ಅನುವಾದದ ಕೆಲಸ ಇಬ್ಬರೂ ಮಾಡುತ್ತೇವೆ.

"ಗಾಡೀ ಆಲೀ; ಪಣ ಥಾಂಬಲೀ ನಾಹೀ." ಅವರಿಗೆ ಇದು ನೂರಕ್ಕೆ ನೂರು ಸರಿ. ಎರಡು ಸಣ್ಣ ವಾಕ್ಯಗಳನ್ನು "ಪಣ" ಥರದ ಅವ್ಯಯ ಜೋಡಿಸಿದರೆ ನಡುವೆ ಅರ್ಧವಿರಾಮ ಅಂತ ಮರಾಠಿ ವ್ಯಾಕರಣದಲ್ಲಿ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಇಂಗ್ಲಿಷಿನಲ್ಲಿ ಈಗ "ಬಟ್" ಹಿಂದೆ ಕಾಮಾ ಸಾಕು. ವಾಕ್ಯದೊಳಗೆ ಆಗಲೇ ನಾಲ್ಕೈದು ಕಾಮಾ ತುಂಬಿದ್ದರೆ ಮಾತ್ರ ಸೆಮಿಕೋಲನ್‌ಗೆ ಏರುತ್ತಾರೆ. ಆದರೆ ಅದೇ ಇಂಗ್ಲಿಷಿನಲ್ಲಿ "ಹೌಎವರ್" ಬಂದರೆ ನಿಯಮ ತಿರುಗುತ್ತದೆ. ಅದರ ಹಿಂದೆ ಸೆಮಿಕೋಲನ್, ಮುಂದೆ ಕಾಮಾ. ಅಲ್ಲಿ ಬರೀ ಕಾಮಾ ಹಾಕಿದರೆ ಟೀಚರ್ ಮಾರ್ಕ್ ಕಟ್ ಮಾಡುತ್ತಾರೆ. ಮಗಳಿಗೆ ಇದನ್ನು ಖಂಡಿತ ಹೇಳಿ. ಪರೀಕ್ಷೆಯಲ್ಲಿ ಜಾಸ್ತಿ ಜನ ಬೀಳುವುದು ಇಲ್ಲೇ.

ಕನ್ನಡದಲ್ಲಿ ಎರಡೂ ನಡೆಯುತ್ತದೆ. "ಗಾಡಿ ಬಂತು; ಆದರೆ ನಿಲ್ಲಲಿಲ್ಲ." "ಗಾಡಿ ಬಂತು, ಆದರೆ ನಿಲ್ಲಲಿಲ್ಲ." ಎರಡನ್ನೂ ಒಳ್ಳೆಯ ಪುಸ್ತಕಗಳಲ್ಲೇ ನೋಡಿದ್ದೇನೆ. ಇಷ್ಟು ಸಣ್ಣ ವಾಕ್ಯಕ್ಕೆ ನಾನು ಕಾಮಾ ಹಾಕುತ್ತೇನೆ. ನಿಜ ಹೇಳಬೇಕು ಅಂದರೆ ಎರಡನ್ನೂ ಹಾಕುವುದಿಲ್ಲ, "ಗಾಡಿ ಬಂದರೂ ನಿಲ್ಲಲಿಲ್ಲ" ಅಂತ ಬರೆಯುತ್ತೇನೆ. ಆ "ರೂ" ಇದೆಯಲ್ಲ, "ಪಣ", "ಬಟ್" ಎರಡರ ಕೆಲಸವನ್ನೂ ಒಂದೇ ಅಕ್ಷರ ಮಾಡಿಬಿಡುತ್ತದೆ. ಇಲ್ಲಿನ ಕನ್ನಡಿಗರು "ಆದರೆ" ಅನ್ನು ಜಾಸ್ತಿ ಬಳಸುತ್ತೇವೆ ಅಂತ ನನ್ನ ಗುಮಾನಿ. ತಲೆಯಲ್ಲಿ "ಪಣ" ಓಡುತ್ತಿರುತ್ತದೆ, ಕೈ "ಆದರೆ" ಬರೆಯುತ್ತದೆ, ಹಿಂದೆಯೇ ಸೆಮಿಕೋಲನ್ ಬಂದು ಕೂರುತ್ತದೆ.

ವಡಾಲದ ಮೇಷ್ಟ್ರು

ಮರಾಠಿಯ ಆ ನಿಯಮದ ಹಿಂದೆ ಒಂದು ಕಥೆ ಇದೆ, ಪುಣೆಯವರು ಕೇಳಿ. ಮರಾಠಿಗೆ ಈ ಚಿಹ್ನೆಗಳನ್ನು ವ್ಯವಸ್ಥಿತವಾಗಿ ತಂದವರು ಮೇಜರ್ ಥಾಮಸ್ ಕ್ಯಾಂಡಿ. ಸೈನ್ಯದಲ್ಲಿ ಇದ್ದವರು, ಮೋಲ್ಸ್‌ವರ್ತ್ ಅವರ ಮರಾಠಿ ನಿಘಂಟಿಗೆ ದುಡಿದವರು, ಪುಣೆಯ ಕಾಲೇಜಿನ ಮುಖ್ಯಸ್ಥರಾಗಿದ್ದವರು. ವಿರಾಮಚಿಹ್ನೆಗಳ ಬಗ್ಗೆ ಮರಾಠಿಯಲ್ಲಿ ಅವರು ಪುಸ್ತಕವನ್ನೇ ಬರೆದರು, 1850ರಲ್ಲಿ. ಆ ಕಾಲದ ಇಂಗ್ಲಿಷ್ ಪುಸ್ತಕ ತೆರೆದು ನೋಡಿ, "ಬಟ್" ಹಿಂದೆ ಸೆಮಿಕೋಲನ್ ಧಾರಾಳವಾಗಿ ಸಿಗುತ್ತದೆ. ಇಂಗ್ಲಿಷಿನವರು ಆಮೇಲೆ ಅದನ್ನು ಕಡಿಮೆ ಮಾಡಿದರು. ಮರಾಠಿ ಹಾಗೇ ಇಟ್ಟುಕೊಂಡಿತು. ಇದು ನನ್ನ ಊಹೆ, ಆದರೆ ನಿಮ್ಮ ಮಗಳ ಇಬ್ಬರು ಟೀಚರ್‌ಗಳ ಜಗಳ ನೂರೈವತ್ತು ವರ್ಷದ ಅಂತರದ ಜಗಳ ಅಂತ ನನಗೆ ಅನ್ನಿಸುತ್ತದೆ.

ಕನ್ನಡಕ್ಕೆ ಹೀಗೆ ಒಬ್ಬ ಕ್ಯಾಂಡಿ ಅಂತ ತೋರಿಸುವುದು ಕಷ್ಟ. ಮಂಗಳೂರಿನ ಪಾದ್ರಿಗಳು, ಮದರಾಸಿನವರು, ಮೈಸೂರಿನವರು, ಮುಂಬಯಿ ಪ್ರಾಂತ್ಯದ ಧಾರವಾಡ ಬೆಳಗಾವಿಯವರು, ಎಲ್ಲ ಬೇರೆ ಬೇರೆ ಆಡಳಿತದಲ್ಲಿ ಅಚ್ಚು ಹಾಕಿದರು. ನಮ್ಮಲ್ಲಿ ರೂಢಿ ಇನ್ನೂ ಸಡಿಲ ಇರುವುದಕ್ಕೆ ಅದೂ ಒಂದು ಕಾರಣ ಇರಬೇಕು.

ಪುಣೆ ಪೇಡೆ

ಈ ಕ್ಯಾಂಡಿಯ ಪುಸ್ತಕದ ಸಂಗತಿ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಇಲ್ಲಿದ್ದು ಬರೀ ಬಾಕರ್‌ವಡಿ ತಿಂದೆ ಅನ್ನಿ.

ನನ್ನ ವಾದ ಅರ್ಧ ಹಿಂದಕ್ಕೆ ತೆಗೆದುಕೊಂಡೆ. ಪೂರ್ತಿ ಅಲ್ಲ, ಅರ್ಧ.

ಹಿಂಜವಡಿ ಹೈದ

ನನ್ನದೊಂದು ಸೀರಿಯಸ್ ಪ್ರಶ್ನೆ. ಕನ್ನಡದಲ್ಲಿ ಟೈಪ್ ಮಾಡುವಾಗ ಸೆಮಿಕೋಲನ್ ಕೀಲಿ ಒತ್ತಿದರೆ ನನಗೆ "ಚ" ಬರುತ್ತದೆ. ಶಿಫ್ಟ್ ಒತ್ತಿದರೆ "ಛ". ಸೆಮಿಕೋಲನ್ ಎಲ್ಲಿ ಹೋಯಿತು?

ವಾಸ್ಕೊ ಲೆಕ್ಕಿಗ

ನೀವು ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ ಹಾಕಿಕೊಂಡಿದ್ದೀರಿ. ಅದರಲ್ಲಿ ಆ ಕೀಲಿಯನ್ನು ಚ, ಛಗಳಿಗೆ ಕೊಟ್ಟುಬಿಟ್ಟಿದ್ದಾರೆ. ಸೆಮಿಕೋಲನ್ ಬೇಕಾದರೆ ಇಂಗ್ಲಿಷಿಗೆ ಹೋಗಿ ಒತ್ತಿ ವಾಪಸ್ ಬರಬೇಕು. ಕೆ.ಪಿ. ರಾವ್ ಅವರ ವಿನ್ಯಾಸ ಹಾಕಿಕೊಳ್ಳಿ. ಅದರಲ್ಲಿ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಕೀಲಿಯಲ್ಲೇ ಕೂರುತ್ತವೆ, ಚಿಹ್ನೆಗಳ ಜಾಗಕ್ಕೆ ಕೈ ಹಾಕುವುದಿಲ್ಲ.

ಮಾಟುಂಗದ ಫಿಲ್ಟರ್ ಕಾಫಿ

ಆ ಕೆ.ಪಿ. ರಾವ್ ಅವರು ಬಹಳ ವರ್ಷ ನಮ್ಮ ಮುಂಬಯಿಯಲ್ಲೇ ಇದ್ದವರು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಇಲ್ಲಿನವರಿಗೆ ಅಷ್ಟಾದರೂ ಹೆಮ್ಮೆ ಇರಲಿ.

ಹೈದ, "ಚ" ಬದಲು ಸೆಮಿಕೋಲನ್ ಬಿದ್ದರೆ ಇನ್ನೂ ಕಷ್ಟ. "ಚಪಾತಿ" ಬರೆಯುವುದಕ್ಕೆ ಹೋಗಿ ";ಪಾತಿ" ಆಗುತ್ತದೆ.

ಚೆಂಬೂರ್ ಚುರುಮುರಿ

ನಮ್ಮ ಕಡೆ ಒಂದು ಆಮಂತ್ರಣ ಬಂದಿದೆ. ಸಂಘದ ಹೆಸರು ಬೇಡ. "ಸ್ಥಳ; ಸಭಾಗೃಹ. ಸಮಯ; ಸಂಜೆ 5. ಕಾರ್ಯಕ್ರಮಗಳು ಈ ಕೆಳಗಿನಂತಿವೆ;" ಇದು ಸರಿನಾ ಮೇಷ್ಟ್ರೇ?

ವಡಾಲದ ಮೇಷ್ಟ್ರು

ಅಲ್ಲ. ಮೂರೂ ಕಡೆ ಮೇಲೊಂದು ಕೆಳಗೊಂದು ಚುಕ್ಕಿ, ಕೋಲನ್ ಬರಬೇಕು. "ಇಗೋ, ತಗೋ" ಅಂತ ಮುಂದಿನದನ್ನು ಕೈಗೆ ಕೊಡುವುದು ಕೋಲನ್. "ಮಾನ್ಯರೇ;" ಅಂತ ಕಾಗದ ಶುರು ಮಾಡುವವರೂ ಇದ್ದಾರೆ, ಅದೂ ತಪ್ಪು.

ಚೆಂಬೂರ್ ಚುರುಮುರಿ

ಅಯ್ಯೋ. ಆ ಆಮಂತ್ರಣ ಬರೆದದ್ದು ನಾನೇ.

ಮಾಟುಂಗದ ಫಿಲ್ಟರ್ ಕಾಫಿ

ಹ್ಹಹ್ಹ. ನಲವತ್ತು ವರ್ಷ ಕಾಮಾ ಫುಲ್‌ಸ್ಟಾಪ್‌ನಲ್ಲಿ ಸಂಸಾರ ಸಾಗಿದೆ ಅಂದಿರಿ!

ಒಂದು ಬಳಕೆ ಯಾರೂ ಹೇಳಲಿಲ್ಲ. ನನಗೆ ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ. ಪಟ್ಟಿಯೊಳಗೆ ಪಟ್ಟಿ ಇದ್ದಾಗ. "ಸದಸ್ಯರು ಸೆಂಟ್ರಲ್ ಲೈನಿನ ಮುಲುಂಡ್, ಠಾಣೆ, ಡೊಂಬಿವಲಿಯಿಂದ; ವೆಸ್ಟರ್ನ್ ಲೈನಿನ ಅಂಧೇರಿ, ಗೋರೆಗಾಂವ್, ಬೊರಿವಲಿಯಿಂದ; ಹಾರ್ಬರ್ ಲೈನಿನ ಚೆಂಬೂರ್, ವಾಶಿ, ನೆರುಳ್‌ನಿಂದ ಬಂದಿದ್ದರು." ಇಲ್ಲಿ ಬರೀ ಕಾಮಾ ಹಾಕಿದ್ದರೆ ಡೊಂಬಿವಲಿ ಯಾವ ಲೈನು, ಅಂಧೇರಿ ಯಾವ ಲೈನು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಈ ಬಳಕೆಯಲ್ಲಿ ಮಾತ್ರ ಎರಡೂ ಕಡೆ ಪೂರ್ತಿ ವಾಕ್ಯ ಇರಬೇಕು ಅನ್ನುವ ನಿಯಮ ಇಲ್ಲ.

ಲೈನ್ ಬದಲಾದಲ್ಲಿ ಸೆಮಿಕೋಲನ್. ಸ್ಟೇಷನ್ ಬದಲಾದಲ್ಲಿ ಕಾಮಾ. ಲೈನಿನ ಕೊನೆ ಸ್ಟೇಷನ್ ಚುಕ್ಕಿ.

ಪುಣೆ ಪೇಡೆ

ದಾದರ್‌ನಲ್ಲಿ ಇಳಿಯಲು ಹೋಗಿ ಜನ ತಳ್ಳಿ ಕುರ್ಲಾಕ್ಕೆ ಹೋದವನು ನಾನು. ನನ್ನದು ಯಾವ ಚಿಹ್ನೆ?

ಚೆಂಬೂರ್ ಚುರುಮುರಿ

ಆಶ್ಚರ್ಯಸೂಚಕ.

ಡೊಂಬಿವಲಿ ಸೊಸೆ

ಎರಡು ವಾರ ಬಿಟ್ಟು ಬಂದೆ, ಕ್ಷಮಿಸಿ. ಮಗಳ ಯುನಿಟ್ ಟೆಸ್ಟ್, ಮನೆಗೆ ನೆಂಟರು, ಎಲ್ಲ ಒಟ್ಟಿಗೆ.

ಇಡೀ ಲೇಖನ ಮೊದಲಿಂದ ತಿದ್ದಿದೆ. ಒಂದೊಂದು ಸೆಮಿಕೋಲನ್ ಹತ್ತಿರವೂ ನಿಂತು, ಹಿಂದಿನದನ್ನು ಗಟ್ಟಿಯಾಗಿ ಓದಿ, ಇದು ಒಂಟಿಯಾಗಿ ನಿಲ್ಲುತ್ತದಾ ಅಂತ ಕೇಳಿಕೊಂಡೆ. "ಎದ್ದು", "ಇಟ್ಟು", "ಹಚ್ಚಿ" ಇವುಗಳ ಮುಂದೆಯೇ ಹದಿನಾಲ್ಕು ಇದ್ದವು! ಎಲ್ಲ ಕಾಮಾ ಆದವು. "ರಿಂದ", "ರೂ", "ರೆ" ಇದ್ದ ಕಡೆ ಆರು, ಅವನ್ನು ತೆಗೆದು ಏನೂ ಹಾಕಲಿಲ್ಲ. ಸುಮ್ಮನೆ ಭಯಕ್ಕೆ ಹಾಕಿದ್ದು ಒಂದಷ್ಟು ಚುಕ್ಕಿಯಾದವು. "ಆದರೆ" ಹಿಂದೆ ಐದು. ಕಾಫಿಯವರು ಹೇಳಿದ್ದು ಸರಿ, ನಾಲ್ಕು ಕಡೆ "ರೂ" ಹಾಕಿದರೆ ವಾಕ್ಯವೇ ಚೆನ್ನಾಯಿತು. ಕೊನೆಗೆ ಉಳಿದದ್ದು ಮೂರು ಸೆಮಿಕೋಲನ್.

ಹಿರಿಯರಿಗೆ ಕಳಿಸಿದೆ. ಎರಡನ್ನು ಮುಟ್ಟಲಿಲ್ಲ. ಒಂದರ ಸುತ್ತ ಪೆನ್ಸಿಲ್‌ನಲ್ಲಿ ದುಂಡಗೆ ಗುರುತು ಮಾಡಿ ಪಕ್ಕದಲ್ಲಿ "ಇರಲಿ" ಅಂತ ಬರೆದಿದ್ದರು. ಅದು ಕೊಡದ ಸಾಲು.

ಆ ಸಂಜೆ ಚಹಾ ಕುಡಿಯುವಾಗ ಅತ್ತೆಗೆ ಲೇಖನ ಓದಿ ಹೇಳಿದೆ. ಕಣ್ಣು ಮಂಜಾಗಿದೆ, ಕಿವಿ ಚುರುಕು. "ಆಕೆ ಏಳುತ್ತಿರಲಿಲ್ಲ" ಅನ್ನುವ ಕಡೆ ಕೈ ಎತ್ತಿ ನಿಲ್ಲಿಸಿದರು. "ಹಂಗೆ ಬರೀಬೇಡ. ಒಂದು ದಿನ ಎದ್ದಿದ್ದಳು; ಅವತ್ತು ನೀರೇ ಬರಲಿಲ್ಲ" ಅಂದರು. ಅದನ್ನೂ ಸೇರಿಸಿದೆ. ಈಗ ಒಟ್ಟು ನಾಲ್ಕು.

ಹಿಂಜವಡಿ ಹೈದ

ಆ ನಾಲ್ಕನೆಯದು ನೀವು ಹಾಕಿದ್ದಾ, ಅತ್ತೆ ಹಾಕಿದ್ದಾ?

ಡೊಂಬಿವಲಿ ಸೊಸೆ

ಅತ್ತೆಯೇ. "ಎದ್ದಿದ್ದಳು" ಅಂದವರು ಬಸಿಗೆ ಚಹಾ ಸುರಿದುಕೊಂಡು, ಊದಿ, ಒಂದು ಗುಟುಕು ಕುಡಿದು, ಆಮೇಲೆ ಉಳಿದದ್ದು ಹೇಳಿದರು.